ಚಳಿಗಾಲದ ಚರ್ಚಿನಲ್ಲಿ ರೆಕಾರ್ಡರ್ ಕೊಳಲಿನ ಕಛೇರಿ: ಶ್ರುತಿ ಮತ್ತು ಕಾರ್ಯಕ್ರಮದ ಕ್ರಮ

ಆಂಟ್‌ವರ್ಪ್_ಟೆನರ್

ಎಲ್ಲರಿಗೂ ನಮಸ್ಕಾರ. ಆಂಟ್‌ವರ್ಪ್‌ನಲ್ಲಿ ನಮ್ಮದು ಐದು ಜನರ ರೆಕಾರ್ಡರ್ (ನೇರವಾಗಿ ಹಿಡಿದು ಊದುವ ಯುರೋಪಿನ ಕೊಳಲು) ತಂಡ: ಎತ್ತರದ ದನಿಯಿಂದ ಕೆಳಕ್ಕೆ ಸೊಪ್ರಾನೊ, ಆಲ್ಟೊ, ಎರಡು ಟೆನರ್, ಬೇಸ್, ಎಲ್ಲದರ ಶ್ರುತಿಯೂ ಎ=440 ಹರ್ಟ್ಜ್. ಫೆಬ್ರವರಿಯಲ್ಲಿ ಒಂದು ಹಳೆಯ ಚರ್ಚಿನಲ್ಲಿ ಒಂದು ಗಂಟೆ ನುಡಿಸಬೇಕು. ಸಂಗೀತ ಮುದ್ರಕ ಸುಸಾಟೊ 1551ರಲ್ಲಿ ಇದೇ ಊರಿನಲ್ಲಿ ಅಚ್ಚು ಹಾಕಿದ ‘ಡಾನ್ಸೆರಿಯೆ’ಯ ನೃತ್ಯಗಳು, ಜೊತೆಗೆ ಇಂಗ್ಲಿಷ್ ಸಂಗೀತಕಾರ ಹೋಲ್ಬೋರ್ನ್‌ನ 1599ರ ಸಂಗ್ರಹದಿಂದ ಕೆಲವು. ಶ್ರುತಿ ನೋಡುವ ಟ್ಯೂನರ್ ಎಲ್ಲರಿಗೂ ಹಸಿರು ತೋರಿಸಿದರೂ ಕೊನೆಯ ಕಾರ್ಡ್ (ಒಟ್ಟಿಗೆ ನುಡಿಯುವ ಸ್ವರಗಳ ಗುಂಪು) ಗುಂಯ್‌ಗುಡುತ್ತದೆ. ಚಳಿಗೆ ಬೇಸ್ ಇಳಿದೇ ಇರುತ್ತದೆ. ಇನ್ನೊಂದು ಪ್ರಶ್ನೆ: ಈ ಸಂಗೀತವನ್ನು ಮೊದಲ ಸಲ ಕೇಳುವವರಿಗೆ ಎಲ್ಲವೂ ಒಂದೇ ಥರ ಅನ್ನಿಸದ ಹಾಗೆ ಕ್ರಮ ಹಾಕುವುದು ಹೇಗೆ?

ಗಾಂಧಾರಪ್ರಿಯ

ಟ್ಯೂನರ್ ನಂಬಿದ್ದರಿಂದಲೇ ಕಾರ್ಡ್ ಕೆಡುತ್ತಿದೆ. ಅದು ತೋರಿಸುವುದು ಪಿಯಾನೋದ ಗಾಂಧಾರ, ಷಡ್ಜದಿಂದ 400 ಸೆಂಟ್ (ಪಿಯಾನೋದ ಅರ್ಧ ಸ್ವರಕ್ಕೆ 100 ಸೆಂಟ್). ತಂಬೂರಿಯ ಮಂದ್ರ ತಂತಿಯಲ್ಲಿ ತಾನಾಗಿಯೇ ಕೇಳಿಸುವ ಅಂತರ ಗಾಂಧಾರ 386. ಸುಸಾಟೊ ಕಾಲದ ರಿನೈಸಾನ್ಸ್ ಸಂಗೀತಕ್ಕೆ ಬೇಕಾದದ್ದು ಎರಡನೆಯದು.

ಈ 14 ಸೆಂಟ್ ಉಳಿದ ವಾದ್ಯಗಳಿಗಿಂತ ರೆಕಾರ್ಡರ್‌ನಲ್ಲಿ ಹೆಚ್ಚು ಎದ್ದು ಕಾಣುತ್ತದೆ. ಎತ್ತರದ ಎರಡು ಸ್ವರ ಒಟ್ಟಿಗೆ ನುಡಿದಾಗ, ಅವುಗಳ ಕಂಪನಾಂಕದ ವ್ಯತ್ಯಾಸದಷ್ಟೇ ಕಂಪನದ ಮೂರನೇ ಸ್ವರವೊಂದು ಕಿವಿಯಲ್ಲಿ ಹುಟ್ಟುತ್ತದೆ. ಟ್ಯೂನರ್ ಪ್ರಕಾರ ಷಡ್ಜ ಸಿ 523, ಗಾಂಧಾರ ಇ 659 ಹರ್ಟ್ಜ್, ವ್ಯತ್ಯಾಸ 136. ಆದರೆ ಎರಡು ಸ್ಥಾಯಿ ಕೆಳಗಿನ ಸಿ ಇರುವುದು 131ರಲ್ಲಿ. ಅಂದರೆ ಆ ಮೂರನೇ ಸ್ವರ ಅರ್ಧ ಸ್ವರದ ಸುಮಾರು ಮೂರನೇ ಎರಡರಷ್ಟು ಏರಿ ನಿಂತಿರುತ್ತದೆ. ನೀವು ಹೇಳುವ ಗುಂಯ್ ಅದೇ.

ಅಭ್ಯಾಸದ ಮೊದಲ ಹತ್ತು ನಿಮಿಷ ತಂಬೂರಿ ಆ್ಯಪ್ ಅನ್ನು ‘ಜಿ’ಗೆ ಇಟ್ಟುಕೊಳ್ಳಿ. ಮೊದಲು ಬೇಸ್ ಜಿ ಹಿಡಿಯಲಿ, ಅದರ ಮೇಲಿನ ಸ್ಥಾಯಿಯ ಜಿ ಸೇರಲಿ, ಆಮೇಲೆ ಪಂಚಮ ಡಿ. ಇವು ಅಲುಗಾಡದೆ ನಿಂತ ಮೇಲೆಯೇ ಗಾಂಧಾರ ‘ಬಿ’ ಬರಬೇಕು. ಬಿ ಇರುವವರು ಊದು ಕಡಿಮೆ ಮಾಡಿ ಸ್ವರ ಇಳಿಸಲು ಹೋದರೆ ದನಿ ಸೊರಗುತ್ತದೆ. ಊದು ಹಾಗೇ ಇರಲಿ, ಕೆಳಗೆ ತೆರೆದಿರುವ ಒಂದು ರಂಧ್ರವನ್ನು ಅರ್ಧ ಮುಚ್ಚಿ ನೋಡಿ. ಯಾವ ರಂಧ್ರ ಎಂಬುದು ವಾದ್ಯದಿಂದ ವಾದ್ಯಕ್ಕೆ ಬೇರೆ. ಸಾಧಾರಣ ಗಾಂಧಾರವಿರುವ ಮೈನರ್ ಕಾರ್ಡ್‌ನಲ್ಲಿ ತಿರುವುಮುರುವು: ಗಾಂಧಾರವನ್ನು 16 ಸೆಂಟ್ ಏರಿಸಬೇಕು. ಪ್ರತಿ ನಿಲುಗಡೆಯಲ್ಲಿ ಗಾಂಧಾರ ಯಾರ ಪಾಲಿಗೆ ಬರುತ್ತದೋ ಅವರು ಪೆನ್ಸಿಲ್‌ನಲ್ಲಿ ಸುತ್ತು ಹಾಕಿಕೊಳ್ಳಲಿ. ಅರ್ಧ ಜಗಳ ಅಲ್ಲಿಗೇ ಮುಗಿಯುತ್ತದೆ.

ಮೇಪಲ್_ಮರ

ಚಳಿಯ ವಿಷಯ. ಕೊಳವೆಯೊಳಗಿನ ಗಾಳಿ ಒಂದು ಡಿಗ್ರಿ ತಣ್ಣಗಾದರೆ ಶ್ರುತಿ ಸುಮಾರು 3 ಸೆಂಟ್ ಇಳಿಯುತ್ತದೆ. 21 ಡಿಗ್ರಿಯ ಕೋಣೆಯಿಂದ 13 ಡಿಗ್ರಿಯ ಚರ್ಚಿಗೆ ಬಂದರೆ ಊದುವ ಮೊದಲೇ 24 ಸೆಂಟ್ ಹೋಯಿತು. ಸೊಪ್ರಾನೊ ನಿಮ್ಮ ಉಸಿರಿಗೆ ಬೇಗ ಬಿಸಿಯಾಗಿ ಮೇಲೇರುತ್ತದೆ, ಬೇಸ್ ಹಿಂದೆ ಉಳಿಯುತ್ತದೆ. ತಲೆಭಾಗವನ್ನು ಹೊರಕ್ಕೆ ಎಳೆದರೆ ಶ್ರುತಿ ಇಳಿಯುತ್ತದೆ, ಏರಿಸಲು ಮಾತ್ರ ಅಂಥ ದಾರಿ ಇಲ್ಲ. ಆದ್ದರಿಂದ ಎಲ್ಲರೂ ಬೇಸ್‌ಗೆ ಇಳಿಯಬೇಕು, ಸೊಪ್ರಾನೊಗೆ ಬೇಸ್ ಏರುವುದಲ್ಲ. ಸೊಪ್ರಾನೊವನ್ನು 1–2 ಮಿ.ಮೀ.ಗಿಂತ ಹೆಚ್ಚು ಎಳೆಯಬೇಡಿ: ಕಡಿಮೆ ಬೆರಳಿನ ಸ್ವರಗಳು ಉಳಿದವಕ್ಕಿಂತ ಹೆಚ್ಚು ಇಳಿದು ಸ್ವರಗಳ ನಡುವಿನ ಅಂತರವೇ ಕೆಡುತ್ತದೆ.

ಬೇಸ್‌ನ ತಲೆಭಾಗವನ್ನು ಉಣ್ಣೆ ಶಾಲಿನಲ್ಲಿ ಸುತ್ತಿಡಿ, ಚಿಕ್ಕವನ್ನು ಕೋಟಿನ ಒಳಜೇಬಿನಲ್ಲಿ. ತಲೆಭಾಗ ತಣ್ಣಗಿದ್ದರೆ ಉಸಿರಿನ ಆವಿ ಗಾಳಿದಾರಿಯಲ್ಲಿ ಹನಿಗಟ್ಟಿ ದನಿ ಕಟ್ಟಿಕೊಳ್ಳುತ್ತದೆ. ಕಟ್ಟಿಕೊಂಡರೆ ಹನಿಯನ್ನು ಬಾಯಿಂದ ಒಳಕ್ಕೆ ಎಳೆದುಕೊಳ್ಳಿ. ತಲೆಭಾಗದ ಕಿಟಕಿಯ (ದನಿ ಹುಟ್ಟುವ ತೆರಪಿನ) ಅಂಚಿಗೆ ಬೆರಳು, ಬಟ್ಟೆ ಯಾವುದೂ ತಗಲಬಾರದು. ಆ ಅಂಚಿಗೆ ಪೆಟ್ಟಾದರೆ ವಾದ್ಯ ಮತ್ತೆ ಮೊದಲಿನಂತೆ ನುಡಿಯುವುದು ಕಷ್ಟ.

ಪವಾನ್_ಗೆಳತಿ

ಬೇಸರಕ್ಕೆ ಕಾರಣ ಸಂಗೀತವಲ್ಲ, ಬಿಡುವಿಲ್ಲದ ಸೊಪ್ರಾನೊ. ಅರ್ಧ ಗಂಟೆ ಅದೇ ಎತ್ತರದ ದನಿ ಕೇಳಿದರೆ ಕಿವಿ ಸೋಲುತ್ತದೆ. ಕಾರ್ಯಕ್ರಮದ ಮೂರನೇ ಒಂದು ಭಾಗವನ್ನಾದರೂ ಸೊಪ್ರಾನೊ ಇಲ್ಲದೆ ನುಡಿಸಿ: ಆಲ್ಟೊ, ಎರಡು ಟೆನರ್, ಬೇಸ್. 1511ರಲ್ಲಿ ಬಾಸೆಲ್‌ನಲ್ಲಿ ಹೊರಬಂದ ವಿರ್ಡುಂಗ್‌ನ ವಾದ್ಯಗಳ ಪುಸ್ತಕದಲ್ಲಿರುವ ಜೋಡಣೆಯೂ ಹೆಚ್ಚು ಕಡಿಮೆ ಇದೇ, ಮೇಲಿನ ವಾದ್ಯದ ಅತಿ ಕೆಳಗಿನ ಸ್ವರ ಮಾತ್ರ ಈಗಿನ ಆಲ್ಟೊದಂತೆ ಎಫ್ ಅಲ್ಲ, ಜಿ. ಇದಕ್ಕೆ ಅಟೆಂಞಾನ್ 1533ರಲ್ಲಿ ಪ್ಯಾರಿಸ್‌ನಲ್ಲಿ ಅಚ್ಚು ಹಾಕಿದ, ನಾಲ್ಕು ಭಾಗದ (ಒಟ್ಟಿಗೆ ಸಾಗುವ ನಾಲ್ಕು ಧಾಟಿಗಳ) ಶಾಂಸೊನ್ ಎಂಬ ಫ್ರೆಂಚ್ ಹಾಡುಗಳನ್ನು ನೋಡಿ. ಯಾವುದು ರೆಕಾರ್ಡರ್‌ಗೆ, ಯಾವುದು ಅಡ್ಡಕೊಳಲಿಗೆ ಹೊಂದುತ್ತದೆ ಎಂದು ಅದರಲ್ಲೇ ಗುರುತಿಸಿದ್ದಾರೆ. ನುಡಿಸುವ ಮೊದಲು ಒಬ್ಬರು ಒಂದು ಚರಣ ಹಾಡಿದರೆ, ಆ ಧಾಟಿ ಯಾವ ವಾದ್ಯಕ್ಕೆ ಹೋದರೂ ಹೊಸಬರಿಗೆ ಗುರುತು ಸಿಗುತ್ತದೆ.

‘ಡಾನ್ಸೆರಿಯೆ’ ನಾಲ್ಕು ಭಾಗದ್ದು, ಹಾಗಾಗಿ ಐದನೆಯವರಿಗೆ ಚಿಕ್ಕ ಡೋಲು ಕೊಡಿ. ಪವಾನ್ ಎಂಬ ನಿಧಾನ ನೃತ್ಯಕ್ಕೆ ಒಂದು ಉದ್ದ, ಎರಡು ಗಿಡ್ಡ ಪೆಟ್ಟು. 1589ರಲ್ಲಿ ಆರ್ಬೊ ಬರೆದ ನೃತ್ಯಗ್ರಂಥದಲ್ಲಿ ಈ ಪೆಟ್ಟು ಇದೆ. ಬೆರಳ ತುದಿಯಲ್ಲೇ ನುಡಿಸಲಿ, ಕೋಲು ಬೇಡ: ಚರ್ಚಿನ ಪ್ರತಿಧ್ವನಿಯಲ್ಲಿ ಟೆನರ್ ಮುಳುಗಿಹೋಗುತ್ತದೆ.

ಹೋಲ್ಬೋರ್ನ್‌ನಲ್ಲಿ ‘ದ ಫೇರಿ ರೌಂಡ್’ ಬಿಡಬೇಡಿ. 1977ರಲ್ಲಿ ವಾಯೇಜರ್ ಬಾಹ್ಯಾಕಾಶ ನೌಕೆಗಳಲ್ಲಿ ಕಳಿಸಿದ ಚಿನ್ನದ ಲೇಪದ ಧ್ವನಿಮುದ್ರಿಕೆಯಲ್ಲಿ ಹಿಂದೂಸ್ತಾನಿ ಗಾಯಕಿ ಕೇಸರಬಾಯಿ ಕೇರ್ಕರ್ ಅವರ ಭೈರವಿಯ ಜೊತೆ ಅದೂ ಇದೆ, ಡೇವಿಡ್ ಮನ್ರೋ ತಂಡದ ವಾದನ. ಕೇಳುಗರಿಗೆ ಇಷ್ಟು ಹೇಳಿ ಶುರುಮಾಡಿ. ಅದರಲ್ಲಿ ಆರು ಎಣಿಕೆ ಒಮ್ಮೆ ಮೂರು-ಮೂರಾಗಿ, ಒಮ್ಮೆ ಎರಡು-ಎರಡು-ಎರಡಾಗಿ ಒಡೆಯುತ್ತದೆ, ಅದೂ ಎಲ್ಲ ಭಾಗಗಳಲ್ಲಿ ಒಟ್ಟಿಗಲ್ಲ. ಪಾದ ತಟ್ಟಿ ಎಣಿಸಿದರೆ ಐವರೂ ಐದು ದಾರಿ. ಪ್ರತಿಯೊಬ್ಬರೂ ತಮ್ಮ ಭಾಗದ ಗುಂಪುಗಳಿಗೆ ಕಂಸ ಹಾಕಿಕೊಂಡು, ಮೊದಲು ಬಾಯಲ್ಲಿ ಹೇಳಿ, ಆಮೇಲೆ ನುಡಿಸಿ.

ಆಂಟ್‌ವರ್ಪ್_ಟೆನರ್

ಮೂವರಿಗೂ ಧನ್ಯವಾದ. ಮೈಕ್ ಇಡಬೇಕೇ? ಸುಮಾರು ನೂರು ಜನ ಬರಬಹುದು.

ಮೇಪಲ್_ಮರ

ಬೇಡ. ಕಲ್ಲಿನ ಗೋಡೆಯ ಚರ್ಚಿಗೆ ಐದು ರೆಕಾರ್ಡರ್ ಧಾರಾಳ. ಹತ್ತಿರ ಮೈಕ್ ಇಟ್ಟರೆ ಉಸಿರಿನ ಸದ್ದೇ ಮುಂದೆ ಬರುತ್ತದೆ. ಮೊದಲ ಸಾಲಿನ ಕುರ್ಚಿಗಳಿಗೆ ಹತ್ತಿರ, ಬಿಲ್ಲಿನಾಕಾರದಲ್ಲಿ, ಬೇಸ್ ನಡುವೆ ಇರುವಂತೆ ಕೂತುಕೊಳ್ಳಿ.