ಗೈ ಪಾಡ್ ಖಿಂಗ್ ಮಾಡುವಾಗ ಬಲಿತ ಶುಂಠಿಯ ಘಾಟು ಕಮ್ಮಿ ಮಾಡೋದು ಹೇಗೆ?

ಅಡುಗೆಪ್ರಿಯೆ:
ನಮಸ್ಕಾರ ಎಲ್ರಿಗೂ. ಬ್ಯಾಂಕಾಕ್‌ನಲ್ಲಿ ಟ್ರೇಗಳಲ್ಲಿ ಹತ್ತಾರು ಐಟಂ ಸಾಲಾಗಿ ಇಟ್ಟು ನಾವು ತೋರಿಸಿದ್ದನ್ನ ಅನ್ನದ ಮೇಲೆ ಹಾಕಿಕೊಡೋ ಅಂಗಡಿಗಳಿರ್ತವಲ್ಲ, ಅಂಥ ಕಡೆ ಗೈ ಪಾಡ್ ಖಿಂಗ್ ತಿಂದಿದ್ದೆ. ಚಿಕನ್, ಕಪ್ಪು ಅಣಬೆ, ಈರುಳ್ಳಿ, ಜೊತೆಗೆ ಬೆಂಕಿಕಡ್ಡಿ ಥರ ಸಣ್ಣಗೆ ಹೆಚ್ಚಿದ ಶುಂಠಿ, ಅದೂ ಒಂದೆರಡು ಚೂರಲ್ಲ, ಹಿಡಿಗಟ್ಲೆ. ಎಲ್ಲರೂ ಅದನ್ನ ಪಕ್ಕಕ್ಕೆ ಎತ್ತಿಡದೆ ತರಕಾರಿ ತಿಂದ ಹಾಗೆ ತಿಂತಿದ್ರು, ನಾನೂ ತಿಂದೆ, ಖಾರ ಇತ್ತು ಆದ್ರೆ ಗಂಟಲು ಉರೀಲಿಲ್ಲ, ಬಾಯಲ್ಲಿ ನಾರೂ ಸಿಗ್ಲಿಲ್ಲ. ಈಗ ಮನೇಲಿ ಮಾಡ್ಬೇಕು ಅಂತಿದೀನಿ, ಆದ್ರೆ ನನಗೆ ಸಿಗೋದು ಬಲಿತ ಶುಂಠಿ ಮಾತ್ರ. ಅದನ್ನೇ ಅಷ್ಟೊಂದು ಹಾಕಬಹುದಾ? ಇನ್ನೊಂದು, ಬೇರೆ ಥಾಯ್ ಅಡುಗೆಗಳಲ್ಲಿ ಇರೋ ತೆಂಗಿನಹಾಲು, ಲೆಮನ್‌ಗ್ರಾಸ್, ತುಳಸಿ ಯಾವುದೂ ಇದ್ರಲ್ಲಿ ಇರ್ಲಿಲ್ಲ, ಅದು ಆ ಅಂಗಡಿಯವ್ರ ಸ್ಟೈಲಾ ಅಥವಾ ಇದನ್ನ ಮಾಡೋದೇ ಹಾಗಾ?

ಬಾಣಲೆ_ಭಟ್ಟ:
ಮಾಡೋದೇ ಹಾಗೆ ಮೇಡಂ. ನೀವು ತಿಂದಿದ್ದು ಎಳೆ ಶುಂಠಿ, ಥಾಯ್ಲೆಂಡಲ್ಲಿ ಖಿಂಗ್ ಆನ್ ಅಂತಾರೆ, ಸಿಪ್ಪೆ ತೆಳ್ಳಗೆ, ತುದಿ ಗುಲಾಬಿ ಬಣ್ಣ, ನಾರು ಇರೋದೇ ಇಲ್ಲ. ಬಲಿತದ್ದನ್ನೂ ಹಾಕಬಹುದು, ಆದ್ರೆ ಹೆಚ್ಚೋದ್ರಲ್ಲಿ ತಾಳ್ಮೆ ಬೇಕು. ಮೊದ್ಲು ನಾರಿನ ಉದ್ದಕ್ಕೇ ತೆಳ್ಳಗೆ ಬಿಲ್ಲೆ ಮಾಡಿ, ಬಿಲ್ಲೆಗಳನ್ನ ಒಂದರ ಮೇಲೊಂದಿಟ್ಟು ಕೂದಲೆಳೆಗಿಂತ ಸ್ವಲ್ಪ ದಪ್ಪಕ್ಕೆ ಹೆಚ್ಚಿ, ಆಮೇಲೆ ಒಂದು ಚಮಚ ಉಪ್ಪು ಹಾಕಿ ಕೈಯಲ್ಲಿ ಚೆನ್ನಾಗಿ ಕಿವುಚಿ ಐದು ನಿಮಿಷ ಬಿಟ್ಟು ಎರಡು ಸಲ ನೀರಲ್ಲಿ ತೊಳೆದು ಹಿಂಡಿಬಿಡಿ. ಅಲ್ಲಿನ ಅಡುಗೆಯವ್ರೂ ಶುಂಠಿ ಜೋರಾಗಿದ್ರೆ ಇದನ್ನೇ ಮಾಡೋದು. ರಸದ ಜೊತೆ ಘಾಟು ಅರ್ಧಕ್ಕರ್ಧ ಹೋಗುತ್ತೆ, ಪರಿಮಳ ಉಳಿಯುತ್ತೆ.

300 ಗ್ರಾಂ ಚಿಕನ್‌ಗೆ ಎಳೆ ಶುಂಠಿ ಆದ್ರೆ 80 ಗ್ರಾಂ ಧಾರಾಳವಾಗಿ ಹಾಕಿ, ಬಲಿತದ್ದಾದ್ರೆ 50 ಸಾಕು. ತುರಿದು ಮಾತ್ರ ಹಾಕ್ಬೇಡಿ ದಯವಿಟ್ಟು, ತುರಿದ್ರೆ ರಸ ಎಲ್ಲಾ ಸಾಸ್‌ಗೆ ಸೇರಿ ಇಡೀ ಬಾಣಲೆ ಕಷಾಯ ಆಗುತ್ತೆ. ಒಣ ಶುಂಠಿ ಪುಡಿ ಬೇಡವೇ ಬೇಡ, ಹಸಿ ಶುಂಠಿಗೆ ಖಾರ ಕೊಡೋ ಜಿಂಜರಾಲ್ ಅನ್ನೋ ಅಂಶ ಒಣಗಿದಾಗ ಶೋಗಾಲ್ ಆಗುತ್ತೆ, ಅದು ಇನ್ನೂ ಖಾರ. ಬಿಸಿ ಎಣ್ಣೇಲಿ ಹುರಿದಾಗ ಅದೇ ಜಿಂಜರಾಲ್‌ನಿಂದ ಜಿಂಜೆರೋನ್ ಅನ್ನೋದು ಬರುತ್ತೆ, ಅದು ಮೆತ್ತಗೆ, ಸ್ವಲ್ಪ ಸಿಹಿ ವಾಸನೆ, ನಿಮಗೆ ಅಂಗಡೀಲಿ ಹಿಡಿಸಿದ್ದು ಅದೇ ಇರ್ಬೇಕು.

ಸಂಪೆಂಗ್_ಸಂಚಾರಿ:
ತೆಂಗಿನಹಾಲು ಯಾಕಿಲ್ಲ ಅನ್ನೋದಕ್ಕೆ ನಾನು ಹೇಳ್ತೀನಿ, ನನಗೆ ಬಹಳ ಇಷ್ಟದ ವಿಷಯ. ಇದು ಥಾಯ್ಲೆಂಡಿನ ಚೀನೀ ಮನೆಗಳ ಅಡುಗೆಯಿಂದ ಬೆಳೆದಿದ್ದು. ಅಲ್ಲಿ ನೆಲೆಸಿದ ಚೀನೀಯರಲ್ಲಿ ತಿಯೋಚ್ಯೂ ಜನ, ಅಂದ್ರೆ ದಕ್ಷಿಣ ಚೀನಾದ ಕರಾವಳಿ ಕಡೆಯವ್ರು, ಜಾಸ್ತಿ, 1767ರಲ್ಲಿ ಹಳೇ ರಾಜಧಾನಿ ಆಯುತ್ಥಯ ಬಿದ್ದ ಮೇಲೆ ಥೋನ್‌ಬುರಿಯಲ್ಲಿ ರಾಜ್ಯ ಕಟ್ಟಿದ ತಕ್ಸಿನ್ ರಾಜನ ತಂದೆಯೇ ತಿಯೋಚ್ಯೂ. 1782ರಲ್ಲಿ ಮೊದಲನೇ ರಾಮ ಅನ್ನೋ ರಾಜ ಬ್ಯಾಂಕಾಕ್‌ನ ಚಾವೊ ಪ್ರಾಯ ನದಿಯ ಪೂರ್ವ ದಡದಲ್ಲಿ ಅರಮನೆ ಕಟ್ಟಿಸೋಕೆ ಅಲ್ಲಿದ್ದ ಚೀನೀ ವರ್ತಕರನ್ನ ಸಂಪೆಂಗ್ ಕಡೆ ಕಳಿಸಿದ, ಈಗಿನ ಯಾವ್‌ರಾತ್ ಚೈನಾಟೌನ್ ಬೆಳೆದಿದ್ದು ಆ ಸುತ್ತಲೇ. ಜೋರು ಉರಿ, ಕಬ್ಬಿಣದ ವೋಕ್ ಬಾಣಲೆ, ಹುದುಗಿಸಿದ ಸೋಯಾ ಎಲ್ಲಾ ಅವ್ರ ಕೈಯಿಂದ ಬಂದಿದ್ದು, ಫಿಶ್ ಸಾಸ್ ಮತ್ತೆ ಉದ್ದನೆ ಕೆಂಪು ಮೆಣಸಿನಕಾಯಿ ಥಾಯ್ ಕಡೆಯಿಂದ ಸೇರ್ಕೊಳ್ತು. ಹಾಗಾಗಿ ತುಳಸಿ ಹಾಕಿದ್ರೆ ಅದು ಬೇರೆ ಅಡುಗೆ ಆಗೋಗುತ್ತೆ.

ಒಂದು ಮುಖ್ಯವಾದದ್ದು ಯಾರೂ ಹೇಳ್ಲಿಲ್ಲ, ತಾವ್ ಜಿಯಾವ್. ಅಂದ್ರೆ ಉಪ್ಪಲ್ಲಿ ಹುದುಗಿಸಿದ ಸೋಯಾ ಕಾಳಿನ ಪೇಸ್ಟ್, ಬಾಟ್ಲಿ ಒಳಗೆ ಹಳದಿ ಕಾಳು ಕಾಣುತ್ತೆ. ಈಗ ಎಷ್ಟೋ ರೆಸಿಪಿಗಳಲ್ಲಿ ಬರೀ ಆಯ್ಸ್ಟರ್ ಸಾಸ್ ಸುರಿದು ಮುಗಿಸ್ತಾರೆ, ನನಗೆ ಅದು ಸಪ್ಪೆ ಸಿಹಿ ಅನ್ಸುತ್ತೆ. ಶುಂಠಿಯ ಖಾರಕ್ಕೆ ಎದುರು ನಿಲ್ಲೋದು ಆ ಸೋಯಾ ಕಾಳಿನ ಉಪ್ಪು ಮತ್ತೆ ಹುದುಗು ರುಚಿ, ಅದೊಂದಿದ್ರೆ ಮಿಕ್ಕಿದ್ದು ಹೇಗೋ ಆಗುತ್ತೆ. ಒಂದು ಟೇಬಲ್ ಚಮಚ ತಾವ್ ಜಿಯಾವ್ ಸ್ವಲ್ಪ ಜಜ್ಜಿ, ಅರ್ಧ ಚಮಚ ಆಯ್ಸ್ಟರ್ ಸಾಸ್, ಒಂದು ಟೀ ಚಮಚ ಫಿಶ್ ಸಾಸ್, ಅಷ್ಟೇ ಸಕ್ಕರೆ, ಕೊನೇಲಿ ಬಿಳಿ ಮೆಣಸಿನ ಪುಡಿ. ಸಿಗದೇ ಇದ್ರೆ ಜಪಾನಿನ ಮಿಸೊ ನೀರಲ್ಲಿ ಕದಡಿ ಹಾಕಿ, ಪೂರ್ತಿ ಅದೇ ರುಚಿ ಬರಲ್ಲ, ಹತ್ರ ಬರುತ್ತೆ.

ಅಡುಗೆಪ್ರಿಯೆ:
ತುಂಬಾ ಥ್ಯಾಂಕ್ಸ್ ಇಬ್ರಿಗೂ. ಶುಂಠಿ ಯಾವಾಗ ಹಾಕ್ಬೇಕು, ಬೆಳ್ಳುಳ್ಳಿ ಜೊತೇಲೇನಾ ಅಥವಾ ಕೊನೇಲಾ? ಚಿಕನ್‌ಗೇ ಮೊದ್ಲು ಶುಂಠಿ ಕಲೆಸಿ ಇಟ್ರೆ ಇನ್ನೂ ಚೆನ್ನಾಗಿ ಹಿಡಿಯುತ್ತಾ? ನನ್ನ ತಂಗಿ ಮಾಂಸ ತಿನ್ನಲ್ಲ, ಅವಳಿಗೆ ಬೇರೆ ಮಾಡೋ ದಾರಿ ಇದ್ಯಾ?

ಬಾಣಲೆ_ಭಟ್ಟ:
ಕಲೆಸಿ ಗಂಟೆಗಟ್ಲೆ ಇಡ್ಬೇಡಿ. ಹಸಿ ಶುಂಠೀಲಿ ಪ್ರೋಟೀನ್ ಒಡೆಯೋ ಕಿಣ್ವ ಇದೆ, ಚಿಕನ್ ಮೇಲ್ಗಡೆ ಹಿಟ್ಟು ಹಿಟ್ಟಾಗುತ್ತೆ. ಎಣ್ಣೆ ಕಾದ ಮೇಲೆ ಬೆಳ್ಳುಳ್ಳಿ, ಹಿಂದೇನೇ ಶುಂಠಿ ಪೂರ್ತಿ, ಅರ್ಧ ನಿಮಿಷ, ಆಮೇಲೆ ಚಿಕನ್.

ಹಸಿರುತಟ್ಟೆ:
ಭಟ್ರೇ, ಪೂರ್ತಿ ಮೊದ್ಲೇ ಹಾಕೋದನ್ನ ನಾನು ಒಪ್ಪಲ್ಲ. ಬಲಿತದ್ದಾದ್ರೆ ಸರಿ, ಎಳೇದು ಆದ್ರೆ ಅರ್ಧ ಮೊದ್ಲು ಅರ್ಧ ಕೊನೇಲಿ ಹಾಕಿದ್ರೆ ಆ ಕರುಂ ಕುರುಂ ಉಳಿಯುತ್ತೆ, ನನಗಂತೂ ಈ ಅಡುಗೆಯ ಮಜಾ ಇರೋದೇ ಅದ್ರಲ್ಲಿ.

ಅಕ್ಕಾ, ನಿಮ್ಮ ತಂಗಿಗೆ ಖಂಡಿತ ಮಾಡಬಹುದು. ಥಾಯ್ಲೆಂಡಲ್ಲಿ ಚೀನೀ ಪಂಚಾಂಗದ ಒಂಬತ್ತನೇ ತಿಂಗಳಲ್ಲಿ ಕಿನ್ ಜೇ ಅಂತ ಸಸ್ಯಾಹಾರದ ಹಬ್ಬ ಇದೆ, ಫುಕೆಟ್‌ನಲ್ಲಿ ದೊಡ್ಡದಾಗಿ ಮಾಡ್ತಾರೆ, ಆ ದಿನಗಳಲ್ಲಿ ಹಳದಿ ಬಾವುಟ ಕಟ್ಟಿದ ಅಂಗಡಿಗಳಲ್ಲಿ ಟೋಫು ಮತ್ತೆ ಅಣಬೆ ಹಾಕಿದ ಪಾಡ್ ಖಿಂಗ್ ಸಿಗುತ್ತೆ. ಅದ್ರಲ್ಲಿ ಮಾಂಸ, ಫಿಶ್ ಸಾಸ್ ಅಷ್ಟೇ ಅಲ್ಲ ಬೆಳ್ಳುಳ್ಳಿ ಈರುಳ್ಳಿನೂ ಹಾಕಲ್ಲ, ಶುಂಠಿಗೆ ಅಡ್ಡಿ ಇಲ್ಲ, ಹಾಗಾಗಿ ಪೂರ್ತಿ ರುಚಿ ಶುಂಠಿ ಮೇಲೇ ನಿಲ್ಲುತ್ತೆ, ನನಗೆ ಚಿಕನ್‌ದಕ್ಕಿಂತ ಇದೇ ಶುದ್ಧ ಅನ್ಸುತ್ತೆ. ಗಟ್ಟಿ ಟೋಫು ಬೇರೆ ಬಾಣಲೇಲಿ ಎರಡೂ ಕಡೆ ಕೆಂಪಗೆ ಹುರಿದಿಟ್ಕೊಳ್ಳಿ, ಆಯ್ಸ್ಟರ್ ಸಾಸ್ ಬದ್ಲು ಅಣಬೆ ಸಾಸ್. ಕಪ್ಪು ಅಣಬೆ ಒಣಗಿದ್ದು ತಂದ್ರೆ ಸ್ವಲ್ಪವೇ ನೆನೆಹಾಕಿ, ಒಂದು ಹಿಡಿ ಪಾತ್ರೆ ತುಂಬಾ ಆಗುತ್ತೆ, ಬುಡದ ಗಟ್ಟಿ ಗಂಟು ಕಿತ್ತು ಬಿಸಾಕಿ, ನೀರು ಚೆನ್ನಾಗಿ ಹಿಂಡಿಯೇ ಬಾಣಲೆಗೆ ಹಾಕಿ, ಇಲ್ದಿದ್ರೆ ಎಣ್ಣೆ ಸಿಡಿಯುತ್ತೆ.