ಐದೂವರೆ ತಿಂಗಳ ಬೆಕ್ಕಿನ ಮರಿಯ ಬಾಯಿಂದ ಕೊಳೆತ ವಾಸನೆ, ಡ್ರೈ ಫುಡ್ ಕಚ್ಚಿ ಬಿಟ್ಟುಬಿಡುತ್ತಿದೆ

ಚುಕ್ಕಿಯಮ್ಮ:
ಎಲ್ಲರಿಗೂ ನಮಸ್ಕಾರ. ನಮ್ಮ ಚುಕ್ಕಿಗೆ ಈಗ ಐದೂವರೆ ತಿಂಗಳು. ಹೆಣ್ಣು ಮರಿ, ಮೂರು ಬಣ್ಣದವಳು, ಮನೆಯೊಳಗೇ ಇರುತ್ತಾಳೆ. ಲಸಿಕೆ, ಜಂತುಹುಳುವಿನ ಔಷಧಿ ಎಲ್ಲ ಆಗಿದೆ. ಮರಿ ಆಗದ ಹಾಗೆ ಮಾಡಿಸುವ ಆಪರೇಷನ್ ಇನ್ನೂ ಆಗಿಲ್ಲ.

ಇತ್ತೀಚೆಗೆ ಅವಳ ಬಾಯಿಂದ ವಾಸನೆ ಬರುತ್ತಿದೆ. ಮೊದಮೊದಲು ಊಟ ಆದ ಮೇಲೆ ಮಾತ್ರ ಅನ್ನಿಸುತ್ತಿತ್ತು. ವೆಟ್ ಫುಡ್ ವಾಸನೆ ಇರಬೇಕು ಅಂದುಕೊಂಡೆ. ಈಗ ಹೊಟ್ಟೆ ಖಾಲಿ ಇದ್ದಾಗಲೂ ಇರುತ್ತದೆ, ದಿನಕ್ಕೆ ದಿನ ಜಾಸ್ತಿ ಆಗುತ್ತಿದೆ. ಮುಖದ ಹತ್ತಿರ ಬಂದು ಆಕಳಿಸಿದರೆ ಏನೋ ಕೊಳೆತ ಹಾಗೆ. ಡ್ರೈ ಫುಡ್ ಬಾಯಿಗೆ ಹಾಕಿಕೊಳ್ಳುತ್ತಾಳೆ, ತಲೆ ಒಂದು ಕಡೆಗೆ ಓರೆ ಮಾಡಿ ಕಚ್ಚುತ್ತಾಳೆ, ಆಮೇಲೆ ಕೆಳಗೆ ಬೀಳಿಸಿ ಎದ್ದು ಹೋಗುತ್ತಾಳೆ. ವೆಟ್ ಫುಡ್ ಆದರೆ ತಟ್ಟೆ ನೆಕ್ಕಿ ಖಾಲಿ ಮಾಡುತ್ತಾಳೆ. ಆಟ, ಓಡಾಟ ಎಲ್ಲ ಮಾಮೂಲು. ಜೊಲ್ಲು ಸುರಿಯುತ್ತಿಲ್ಲ.

ಹಲ್ಲು ಬೀಳುವ ವಯಸ್ಸು, ತಾನಾಗೇ ಸರಿಹೋಗುತ್ತದೆ ಅಂತ ಕೆಲವರು ಹೇಳುತ್ತಾರೆ. ನಾವು ಹಚ್ಚುವ ಪೇಸ್ಟನ್ನೇ ಸ್ವಲ್ಪ ಬೆರಳಿಗೆ ತಗೊಂಡು ಉಜ್ಜಿ ಅಂತ ಒಬ್ಬರು ಹೇಳಿದರು. ನನಗೆ ಧೈರ್ಯ ಬರಲಿಲ್ಲ. ಇನ್ನೂ ಕಾಯಬಹುದಾ, ಈಗಲೇ ಡಾಕ್ಟರಿಗೆ ತೋರಿಸಬೇಕಾ?

ಪಟ್ಟೆಬಾಲ:
ಪೇಸ್ಟ್ ಹಚ್ಚದೇ ಇದ್ದದ್ದು ತುಂಬಾ ಒಳ್ಳೆಯದಾಯಿತು ಮೇಡಂ. ಬೆಕ್ಕಿಗೆ ಬಾಯಿ ಮುಕ್ಕಳಿಸಿ ಉಗುಳಲು ಬರುವುದಿಲ್ಲ, ಹಚ್ಚಿದ್ದೆಲ್ಲ ಹೊಟ್ಟೆಗೇ ಹೋಗುತ್ತದೆ. ನಮ್ಮ ಪೇಸ್ಟಿನಲ್ಲಿ ಫ್ಲೋರೈಡ್ ಇರುತ್ತದೆ, ನೊರೆ ಬರಿಸುವ ಪದಾರ್ಥ ಇರುತ್ತದೆ. ಎರಡೂ ಅದರ ಹೊಟ್ಟೆಗೆ ಆಗಿಬರುವುದಿಲ್ಲ. ಮೌತ್‌ವಾಶ್ ಕೂಡ ಬೇಡ. ಹಲ್ಲುನೋವಿಗೆ ಅಂತ ಲವಂಗದ ಎಣ್ಣೆ ಹಚ್ಚಲು ಯಾರಾದರೂ ಹೇಳಿದರೆ ಅದನ್ನೂ ಕೇಳಬೇಡಿ. ಅಂಥ ಎಣ್ಣೆಗಳನ್ನು ಅರಗಿಸಿ ಹೊರಹಾಕುವ ಶಕ್ತಿ ಬೆಕ್ಕಿನ ಲಿವರಿಗೆ ಇಲ್ಲ, ವಿಷವಾಗುತ್ತದೆ.

ಮರಿಮನೆ:
ಚುಕ್ಕಿಯಮ್ಮ ಅವರೇ, ತೋರಿಸಿ. ಎದ್ದುಬಿದ್ದು ಓಡುವ ಹಾಗೇನಿಲ್ಲ, ಅವಳು ತಿನ್ನುತ್ತಿದ್ದಾಳೆ, ಆಡುತ್ತಿದ್ದಾಳೆ. ಆದರೆ ಇನ್ನೂ ಕಾದು ನೋಡೋಣ ಅಂತ ಬಿಡಬೇಡಿ. ಯಾಕೆ ಅಂತ ಹೇಳುತ್ತೇನೆ. ತಾಯಿ ಇಲ್ಲದ ಮರಿಗಳನ್ನು ಬಹಳ ಕಾಲದಿಂದ ಸಾಕುತ್ತಿದ್ದೇನೆ, ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ.

ಹಲ್ಲು ಬದಲಾಗುವಾಗ ಬಾಯಿ ವಾಸನೆ ಬರುವುದು ನಿಜ. ಮರಿಗೆ 26 ಹಾಲುಹಲ್ಲು ಇರುತ್ತವೆ. ಮೂರರಿಂದ ನಾಲ್ಕು ತಿಂಗಳಿಗೆ ಮುಂದಿನ ಪುಟಾಣಿ ಹಲ್ಲುಗಳು ಉದುರಲು ಶುರು. ಆಮೇಲೆ ಕೋರೆಹಲ್ಲು, ಹಿಂದಿನ ಹಲ್ಲು. ಆರೇಳು ತಿಂಗಳ ಹೊತ್ತಿಗೆ 30 ಹೊಸ ಹಲ್ಲು ಬಂದು ನಿಂತಿರಬೇಕು. ಬಿದ್ದ ಹಲ್ಲನ್ನು ಮರಿಗಳು ಹೆಚ್ಚಾಗಿ ನುಂಗಿಬಿಡುತ್ತವೆ, ನಮಗೆ ಗೊತ್ತೇ ಆಗುವುದಿಲ್ಲ, ಅದರಿಂದ ತೊಂದರೆಯೂ ಇಲ್ಲ. ಈ ಸಮಯದಲ್ಲಿ ಒಸಡಿನ ಅಂಚು ಸ್ವಲ್ಪ ಕೆಂಪಾಗುವುದು, ಆಟದ ಸಾಮಾನಿನ ಮೇಲೆ ಒಂದು ಹನಿ ರಕ್ತ, ಸಿಕ್ಕಿದ್ದನ್ನೆಲ್ಲ ಕಡಿಯುವುದು, ಸಣ್ಣಗೆ ವಾಸನೆ, ಇದೆಲ್ಲ ಇದ್ದದ್ದೇ.

ಆದರೆ ಆ ವಾಸನೆ ಬಂದಷ್ಟೇ ಬೇಗ ಹೋಗುತ್ತದೆ. ನೀವು ಹೇಳುವ ಹಾಗೆ ಏರುತ್ತಾ ಹೋಗುವುದಿಲ್ಲ. ಕೊಳೆತ ವಾಸನೆ ಇದೆ ಅಂದರೆ ಬಾಯಲ್ಲಿ ಎಲ್ಲೋ ಏನೋ ಸಿಕ್ಕಿಕೊಂಡಿದೆ, ಇಲ್ಲವೇ ಸೋಂಕಾಗಿದೆ. ಜೊತೆಗೆ ತಲೆ ಓರೆ ಮಾಡಿ ಕಚ್ಚುವುದು. ಒಂದು ಪಕ್ಕದಲ್ಲಿ ನೋವಿದ್ದಾಗ ಇನ್ನೊಂದು ಪಕ್ಕದಿಂದ ತಿನ್ನಲು ನೋಡುತ್ತವೆ. ಬೆಕ್ಕು ನೋವನ್ನು ಬಾಯಿಬಿಟ್ಟು ಹೇಳುವ ಪ್ರಾಣಿ ಅಲ್ಲ. ಹಲ್ಲು ನೋಯುತ್ತಿದ್ದರೂ ಆಡುತ್ತದೆ, ತಿನ್ನುತ್ತದೆ. ಹಾಗಾಗಿ ಆಟ ಮಾಮೂಲು ಅನ್ನುವುದನ್ನು ನಾನು ಸಮಾಧಾನ ಅಂತ ತಗೊಳ್ಳುವುದಿಲ್ಲ.

ಡಾಕ್ಟರ ಹತ್ತಿರ ಹೋಗುವ ಮೊದಲು ಒಂದು ಸಲ ನೀವೇ ನೋಡಿ. ಬಾಯಿ ಅಗಲಿಸಬೇಡಿ, ಅದು ಅವಕ್ಕೆ ಇಷ್ಟ ಆಗುವುದಿಲ್ಲ, ಅಗತ್ಯವೂ ಇಲ್ಲ. ಅವಳು ನಿದ್ದೆಗಣ್ಣಲ್ಲಿ ಇದ್ದಾಗ ಬೆನ್ನು ನಿಮ್ಮ ಕಡೆ ಬರುವ ಹಾಗೆ ಮಡಿಲಲ್ಲಿ ಕೂರಿಸಿಕೊಳ್ಳಿ. ಒಂದು ಕೈ ಗದ್ದದ ಕೆಳಗೆ ಇರಲಿ. ಇನ್ನೊಂದು ಕೈಯ ಹೆಬ್ಬೆರಳಿನಿಂದ ಮೇಲ್ದುಟಿಯನ್ನು ಮೆಲ್ಲಗೆ ಮೇಲಕ್ಕೆ ಸರಿಸಿ. ಕಿಟಕಿಯ ಬೆಳಕು ಸಾಕು, ಟಾರ್ಚ್ ಕಣ್ಣಿಗೆ ಬಿದ್ದರೆ ಕೊಸರಾಡುತ್ತವೆ. ಕೋರೆಹಲ್ಲಿನ ಬುಡ ನೋಡಿ. ಅಲ್ಲಿ ಒಂದು ಹಲ್ಲಿದೆಯಾ, ಎರಡಿದೆಯಾ? ಯಾವುದಾದರೂ ಹಲ್ಲಿನ ತುದಿ ಮುರಿದಿದೆಯಾ? ಒಸಡು ಎಲ್ಲ ಕಡೆ ಒಂದೇ ಬಣ್ಣ ಇದೆಯಾ, ಒಂದೇ ಜಾಗದಲ್ಲಿ ಊದಿದೆಯಾ? ಕೋರೆಹಲ್ಲಿನ ಮೈಮೇಲೆ ಉದ್ದಕ್ಕೆ ಒಂದು ಸಣ್ಣ ಗೀರು ಕಂಡರೆ ಹೆದರಬೇಡಿ, ಬೆಕ್ಕಿನ ಹೊಸ ಕೋರೆಹಲ್ಲು ಇರುವುದೇ ಹಾಗೆ. ಬಿರುಕು ಅಂದುಕೊಂಡು ಗಾಬರಿ ಆಗುವವರು ಬಹಳ ಜನ.

ಇನ್ನೊಂದು. ವಾಸನೆ ಬಾಯಿಂದಲೇ ಬರುತ್ತಿದೆ ಅನ್ನುವುದು ಖಾತ್ರಿಯಾ? ಬಾಲದ ಬುಡದ ಗ್ರಂಥಿಯ ದ್ರವವನ್ನು ಈಗಷ್ಟೇ ನೆಕ್ಕಿಕೊಂಡಿದ್ದರೂ ಮೂತಿ ಕೆಟ್ಟ ವಾಸನೆ ಹೊಡೆಯುತ್ತದೆ. ಅದು ಮೀನು ಕೆಟ್ಟ ಹಾಗಿನ ವಾಸನೆ, ಸ್ವಲ್ಪ ಹೊತ್ತಿಗೆ ಹೋಗುತ್ತದೆ.

ಚುಕ್ಕಿಯಮ್ಮ:
ನೀವು ಹೇಳಿದ ಹಾಗೆಯೇ ನೋಡಿದೆ. ವಾಸನೆ ಬಾಯಿಂದಲೇ. ಎಡಗಡೆ ಮೇಲೆ ಎರಡು ಕೋರೆಹಲ್ಲು ಇವೆ! ಮುಂದೆ ದಪ್ಪಗಿನದ್ದು ಒಂದು, ಅದರ ಹಿಂದೆ ಅಂಟಿಕೊಂಡ ಹಾಗೆ ಸೂಜಿಯಂಥದ್ದು ಇನ್ನೊಂದು. ಎರಡರ ನಡುವೆ ಏನೋ ಕಂದು ಬಣ್ಣದ್ದು ತುಂಬಿಕೊಂಡಿದೆ, ಕೂದಲೂ ಇದೆ ಅನ್ನಿಸುತ್ತದೆ. ಅಲ್ಲಿನ ಒಸಡು ಕೆಂಪಾಗಿ ಉಬ್ಬಿದೆ. ಬಲಗಡೆ ಒಂದೇ ಹಲ್ಲು, ಒಸಡು ತಿಳಿ ಗುಲಾಬಿ. ಹಿಂದಿನ ಹಲ್ಲುಗಳ ಅಂಚಿನಲ್ಲಿ ಎರಡೂ ಕಡೆ ಕೆಂಪು ಗೆರೆ ಇದೆ. ಕೆಳಗಿನ ಒಸಡಿನಲ್ಲಿ ಒಂದು ಕಪ್ಪು ಚುಕ್ಕೆಯೂ ಕಾಣಿಸಿತು. ಆ ಸೂಜಿ ಹಲ್ಲು ಅಲುಗಾಡುತ್ತಿಲ್ಲ. ಟ್ವೀಜರಿನಲ್ಲಿ ಕೂದಲನ್ನಾದರೂ ತೆಗೆಯಲಾ?

ಬಿಳಿಕೋಟು:
ಪ್ರಾಣಿಗಳ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತೇನೆ, ಡಾಕ್ಟರ್ ಅಲ್ಲ, ಸಹಾಯಕಿ. ಟ್ವೀಜರ್ ಬೇಡ ಅಕ್ಕ. ಅಲುಗಾಡದ ಹಾಲುಹಲ್ಲನ್ನು ಮನೆಯಲ್ಲಿ ಮುಟ್ಟಲೇಬಾರದು. ಹಾಲು ಕೋರೆಹಲ್ಲಿನ ಬೇರು ಹೊರಗೆ ಕಾಣುವ ಭಾಗಕ್ಕಿಂತ ಉದ್ದ, ಅಷ್ಟೇ ತೆಳ್ಳಗೆ. ಸ್ವಲ್ಪ ಎಳೆದರೂ ಒಳಗೆ ಮುರಿಯುತ್ತದೆ. ಮುರಿದ ತುಂಡು ಅಲ್ಲೇ ಉಳಿದರೆ ಸೋಂಕು, ಪಕ್ಕದ ಹೊಸ ಹಲ್ಲಿಗೂ ಅಪಾಯ.

ನೀವು ಕಂಡದ್ದು ಉದುರದೆ ಉಳಿದ ಹಾಲುಹಲ್ಲು. ಮೇಲಿನ ದವಡೆಯಲ್ಲಿ ಹೊಸ ಕೋರೆ ಹಳೆಯದರ ಮುಂದೆ ಹುಟ್ಟುತ್ತದೆ. ಮಾಮೂಲಾಗಿ ಹೊಸದು ಬರುವಾಗ ಹಳೆಯದರ ಬೇರು ಕರಗುತ್ತಾ ಹೋಗಿ ಹಲ್ಲು ಸಡಿಲಾಗಿ ಬೀಳುತ್ತದೆ. ಸ್ವಲ್ಪ ದಿನ ಎರಡೂ ಜೊತೆಗೆ ಇದ್ದರೆ ಚಿಂತೆ ಇಲ್ಲ. ಆದರೆ ಹೊಸದು ಉದ್ದಕ್ಕೆ ಇಳಿದ ಮೇಲೂ ಹಳೆಯದು ಗಟ್ಟಿ ನಿಂತಿದ್ದರೆ ಬೇರು ಕರಗಿಲ್ಲ ಅಂತ ಅರ್ಥ. ಎರಡು ಹಲ್ಲಿನ ಸಂದಿನಲ್ಲಿ ಆಹಾರ ಸೇರುತ್ತದೆ, ಮೈ ನೆಕ್ಕಿದ ಕೂದಲು ಸುತ್ತಿಕೊಳ್ಳುತ್ತದೆ, ಬ್ಯಾಕ್ಟೀರಿಯಾ ಬೆಳೆಯುತ್ತದೆ. ನಿಮ್ಮ ವಾಸನೆಯ ಮೂಲ ಅದೇ ಇರಬೇಕು. ಹಾಗೇ ಬಿಟ್ಟರೆ ಹೊಸ ಹಲ್ಲು ಸೊಟ್ಟಗೆ ನಿಲ್ಲಬಹುದು, ಅದರ ಬುಡದ ಮೂಳೆಯೂ ಸವೆಯಬಹುದು.

ಅರಿವಳಿಕೆ ಕೊಟ್ಟು, ಎಕ್ಸ್‌ರೇ ನೋಡಿ, ಬೇರು ಸಮೇತ ತೆಗೆಯುತ್ತಾರೆ. ಹೇಗಿದ್ದರೂ ಅವಳ ಆಪರೇಷನ್ ಆಗಬೇಕು ಅಂದಿರಿ. ಎರಡನ್ನೂ ಒಂದೇ ಅರಿವಳಿಕೆಯಲ್ಲಿ ಮುಗಿಸಲು ಆಗುತ್ತದಾ ಅಂತ ಕೇಳಿ. ಎಷ್ಟೋ ಕಡೆ ಹಾಗೆ ಮಾಡುತ್ತಾರೆ.

ಕಪ್ಪು ಚುಕ್ಕೆ ಚಪ್ಪಟೆಯಾಗಿದ್ದರೆ ಅದು ಬರೀ ಬಣ್ಣ. ಕಿತ್ತಳೆ ಬಣ್ಣದ ಕೂದಲಿರುವ ಬೆಕ್ಕುಗಳಿಗೆ ಒಸಡು, ತುಟಿ, ಮೂಗಿನ ಮೇಲೆ ಹಾಗೆ ಬರುತ್ತದೆ, ಮೂರು ಬಣ್ಣದವಕ್ಕೂ ಅಷ್ಟೇ. ಉಬ್ಬಿದ್ದರೆ ಮಾತ್ರ ತೋರಿಸಿ. ಹಿಂದಿನ ಕೆಂಪು ಗೆರೆಯ ಬಗ್ಗೆ ಡಾಕ್ಟರಿಗೆ ಮರೆಯದೆ ಹೇಳಿ. ಅದು ಬೇರೆ ವಿಷಯ ಇರಬಹುದು.

ಗೋಡೆಹತ್ತಿ:
ಮಧ್ಯದಲ್ಲಿ ಕೇಳುತ್ತಿರುವುದಕ್ಕೆ ಕ್ಷಮಿಸಿ. ನಮ್ಮದು ಮೂರು ತಿಂಗಳ ಗಂಡು ಮರಿ. ನಿನ್ನೆಯಿಂದ ಜೊಲ್ಲು, ಬಾಯಿ ನಾತ, ಇವತ್ತು ಬೆಳಗ್ಗೆಯಿಂದ ಏನೂ ಮುಟ್ಟಿಲ್ಲ. ಇದೂ ಹಲ್ಲಿನದ್ದೇನಾ? ಜ್ವರ ಇರುವ ಹಾಗಿದೆ, ನಮ್ಮ ಜ್ವರದ ಮಾತ್ರೆ ಕಾಲು ಭಾಗ ಕೊಡಬಹುದಾ?

ಮರಿಮನೆ:
ಕೊಡಲೇಬೇಡಿ! ಪ್ಯಾರಾಸಿಟಮಾಲ್ ಬೆಕ್ಕಿಗೆ ವಿಷ. ಇಷ್ಟು ಚಿಕ್ಕ ಮರಿಗೆ ಒಂದು ಚೂರೇ ಪ್ರಾಣ ತೆಗೆಯಬಹುದು. ಐಬುಪ್ರೊಫೆನ್ ಕೂಡ ಕೊಡುವಂತಿಲ್ಲ. ಈಗಾಗಲೇ ಕೊಟ್ಟಿದ್ದರೆ ಲಕ್ಷಣ ಕಾಣಲಿ ಅಂತ ಕಾಯದೆ ಈ ಕ್ಷಣ ಹೊರಡಿ.

ಕೊಟ್ಟಿಲ್ಲದಿದ್ದರೂ ಇವತ್ತೇ ಆಸ್ಪತ್ರೆಗೆ ಹೋಗಬೇಕು. ಮರಿ ಊಟ ಬಿಟ್ಟರೆ ದೇಹದ ಸಕ್ಕರೆ ಬೇಗ ಇಳಿಯುತ್ತದೆ. ಒಮ್ಮೆಲೇ ಜೊಲ್ಲು, ವಾಸನೆ, ಊಟ ಬಿಡುವುದು ಹಲ್ಲು ಬೀಳುವ ಲಕ್ಷಣ ಅಲ್ಲ. ನಾಲಿಗೆಯ ಮೇಲೆ ಹುಣ್ಣಿದ್ದರೆ ಕ್ಯಾಲಿಸಿವೈರಸ್ ಇರಬಹುದು, ಸೀನು, ಜ್ವರ ಅದರ ಜೊತೆಗೇ ಬರುತ್ತವೆ. ಕರೆಂಟ್ ವೈರ್ ಕಡಿದಿದ್ದರೆ ತುಟಿ, ನಾಲಿಗೆ ಸುಟ್ಟಿರುತ್ತದೆ. ಆಗ ಶ್ವಾಸಕೋಶದಲ್ಲಿ ನೀರು ತುಂಬುವ ಅಪಾಯವೂ ಇದೆ. ಇನ್ನು ನಾಲಿಗೆಯ ಕೆಳಗೆ ದಾರ ಸಿಕ್ಕಿಕೊಂಡಿದ್ದರೆ ದಯವಿಟ್ಟು ಎಳೆಯಬೇಡಿ. ಇನ್ನೊಂದು ತುದಿ ಕರುಳಿನಲ್ಲಿ ಇರಬಹುದು, ಎಳೆದರೆ ಕರುಳು ಕೊಯ್ದುಕೊಳ್ಳುತ್ತದೆ.

ಗೋಡೆಹತ್ತಿ:
ಮಾತ್ರೆ ಕೊಟ್ಟಿಲ್ಲ. ಹೋಗಿ ಬಂದೆವು. ನಾಲಿಗೆಯ ತುದಿಯಲ್ಲಿ ಹುಣ್ಣು, ಕ್ಯಾಲಿಸಿವೈರಸ್ ಇರಬಹುದು ಅಂದರು. ಡ್ರಿಪ್ ಹಾಕಿ, ಬೆಕ್ಕಿಗೆಂದೇ ಇರುವ ನೋವಿನ ಔಷಧಿ ಕೊಟ್ಟಿದ್ದಾರೆ. ವೆಟ್ ಫುಡ್ ಉಗುರುಬೆಚ್ಚಗೆ ಮಾಡಿ ನೀರು ಬೆರೆಸಿ ಕೊಡಲು ಹೇಳಿದರು. ಈಗ ಸ್ವಲ್ಪ ನೆಕ್ಕಿದ. ತುಂಬಾ ಥ್ಯಾಂಕ್ಸ್.

ಬಿಳಿಕೋಟು:
ಒಳ್ಳೆಯದಾಯಿತು. ಮನೆಯಲ್ಲಿ ಬೇರೆ ಬೆಕ್ಕಿದ್ದರೆ ಅವನನ್ನು ಬೇರೆ ಕೋಣೆಯಲ್ಲಿಡಿ, ತಟ್ಟೆ, ನೀರಿನ ಬಟ್ಟಲು ಹಂಚಬೇಡಿ. ಹುಣ್ಣು ಮಾಯ್ದ ಮೇಲೂ ಸ್ವಲ್ಪ ಕಾಲ ವೈರಸ್ ಹೊರಗೆ ಬರುತ್ತಲೇ ಇರುತ್ತದೆ.

ಚುಕ್ಕಿಯಮ್ಮ:
ಚುಕ್ಕಿಯ ಕೆಲಸ ಆಯಿತು. ಬೇರೇನೂ ಅಲ್ಲ, ಉಳಿದ ಹಾಲುಹಲ್ಲೇ. ಎರಡು ಆಪರೇಷನ್ನೂ ಒಟ್ಟಿಗೆ ಮಾಡಿದರು. ತೆಗೆದ ಹಲ್ಲನ್ನು ತೋರಿಸಿದರು, ಬೇರು ಪೂರ್ತಿ ಹಾಗೇ ಇತ್ತು, ಸುತ್ತ ಅವಳದ್ದೇ ಕೂದಲು ಉಂಗುರದ ಹಾಗೆ ಬಿಗಿದುಕೊಂಡಿತ್ತು. ಆ ಕೂದಲಿನ ವಾಸನೆಯೇ ನನಗೆ ಇಷ್ಟು ದಿನ ಬರುತ್ತಿದ್ದದ್ದು. ಈಗ ಡ್ರೈ ಫುಡ್ಡನ್ನು ನೆನೆಸಿ ಕೊಡುತ್ತಿದ್ದೇನೆ.

ಹಿಂದಿನ ಒಸಡು ಮಾತ್ರ ಇನ್ನೂ ಕೆಂಪಿದೆ. ಎಳೆ ವಯಸ್ಸಿನ ಒಸಡಿನ ಉರಿಯೂತ ಅಂದರು, ಗಾಯ ಮಾಯ್ದ ಮೇಲೆ ಬ್ರಶ್ ಮಾಡಲೇಬೇಕಂತೆ. ಇಷ್ಟು ಸಣ್ಣವಳಿಗೆ ಬ್ರಶ್ಶಾ? ಬರೀ ಡೆಂಟಲ್ ಟ್ರೀಟ್ ಕೊಟ್ಟರೆ ಸಾಲದಾ?

ಮರಿಮನೆ:
ಸಾಲದು. ಅದರಲ್ಲೂ ಚುಕ್ಕಿಗೆ ಸಾಲದು. ಕೆಲವು ಮರಿಗಳಿಗೆ ಹೊಸ ಹಲ್ಲು ಬರುತ್ತಿದ್ದ ಹಾಗೆ ಒಸಡು ಊದುತ್ತದೆ, ಮುಟ್ಟಿದರೆ ರಕ್ತ ಬರುತ್ತದೆ. ಹಲ್ಲಿನ ಮೇಲೆ ಇರುವ ಪಾಚಿ ಸ್ವಲ್ಪವೇ, ಒಸಡು ಮಾತ್ರ ಅದಕ್ಕೆ ಜೋರಾಗಿ ಸಿಟ್ಟಾಗುತ್ತದೆ. ಸಯಾಮೀಸ್, ಅಬಿಸೀನಿಯನ್, ಮೇನ್ ಕೂನ್ ತಳಿಗಳಲ್ಲಿ ಜಾಸ್ತಿ, ಆದರೆ ಯಾವ ಬೆಕ್ಕಿಗಾದರೂ ಬರಬಹುದು. ಎಷ್ಟೋ ಮರಿಗಳಲ್ಲಿ ದೊಡ್ಡವಾಗುತ್ತಾ ಕಡಿಮೆ ಆಗುತ್ತದೆ. ಅಲ್ಲಿವರೆಗೆ ಪಾಚಿ ನಿಲ್ಲದ ಹಾಗೆ ನೋಡಿಕೊಂಡರೆ ಹಲ್ಲಿನ ಬುಡದ ಮೂಳೆ ಉಳಿಯುತ್ತದೆ. ಹಲ್ಲಿನ ಮೇಲಿನ ಮೆತ್ತಗಿನ ಪಾಚಿ ಕೆಲವೇ ದಿನಗಳಲ್ಲಿ ಗಟ್ಟಿ ಟಾರ್ಟರ್ ಆಗುತ್ತದೆ, ಆಮೇಲೆ ಯಾವ ಬ್ರಶ್ಶಿಗೂ ಬರುವುದಿಲ್ಲ. ಅದಕ್ಕೇ ದಿನಾ ಉಜ್ಜಬೇಕು ಅನ್ನುವುದು.

ಗಾಯ ಮಾಯ್ದಿದೆ ಅಂತ ಡಾಕ್ಟರು ಹೇಳುವವರೆಗೆ ಬ್ರಶ್ ಮುಟ್ಟಿಸಬೇಡಿ. ನೋಯುವಾಗ ಒಂದು ಸಲ ಬ್ರಶ್ ತಾಗಿದರೆ ಆಮೇಲೆ ಬ್ರಶ್ ಕಂಡರೆ ಓಡುತ್ತಾಳೆ. ಈಗ ಬರೀ ತುಟಿ ಎತ್ತಿ ಬಿಡುವುದು, ಮುದ್ದು ಮಾಡುವುದು. ಆಮೇಲೆ ಬೆಕ್ಕಿನ ಪೇಸ್ಟನ್ನು ಬೆರಳಿನಿಂದ ನೆಕ್ಕಿಸಿ. ಅದು ಅಭ್ಯಾಸ ಆದ ಮೇಲೆ ಬೆರಳಿಗೆ ತೆಳು ಬಟ್ಟೆ ಸುತ್ತಿ ಕೋರೆಹಲ್ಲಿನ ಮೇಲೆ ಒಂದು ಸಲ ಸವರಿ. ಪುಟ್ಟ, ಮೆತ್ತನೆ ಬ್ರಶ್ ಕೊನೆಗೆ. ಅವಳು ತಲೆ ಎಳೆದುಕೊಳ್ಳುವ ಮೊದಲೇ ನಿಲ್ಲಿಸಿ.

ಟ್ರೀಟ್ ಕೊಡುವುದಾದರೆ ವೆಟರಿನರಿ ಓರಲ್ ಹೆಲ್ತ್ ಕೌನ್ಸಿಲ್ ಮುದ್ರೆ ಇದೆಯಾ ನೋಡಿ. ಪಾಚಿ ಇಲ್ಲವೇ ಟಾರ್ಟರ್ ಕಡಿಮೆ ಮಾಡುತ್ತದೆ ಅಂತ ಪರೀಕ್ಷೆ ಮಾಡಿ ತೋರಿಸಿದ ಪದಾರ್ಥಕ್ಕೆ ಅದು ಸಿಗುತ್ತದೆ. ಬ್ರಶ್ಶಿನ ಜೊತೆಗೆ ಕೊಡಿ, ಬದಲಿಗೆ ಅಲ್ಲ. ಕಡಿಯಲು ಮೂಳೆ, ಗಟ್ಟಿ ಸಾಮಾನು ಬೇಡ, ಹೊಸ ಹಲ್ಲು ಮುರಿಯುತ್ತದೆ. ನಿಮ್ಮ ಉಗುರು ಒತ್ತಿದರೆ ಸ್ವಲ್ಪ ಒಳಗೆ ಹೋಗುವಷ್ಟು ಮೆತ್ತಗಿರಲಿ.

ಚುಕ್ಕಿಯಮ್ಮ:
ಸರಿ, ಇವತ್ತಿಂದ ತುಟಿ ಎತ್ತುವ ಅಭ್ಯಾಸ ಶುರು. ಒಂದು ಕೊನೆಯ ಪ್ರಶ್ನೆ. ಹಲ್ಲಿನ ಒಳಗಿನ ಮೈ ಹೇಗೆ ಉಜ್ಜುವುದು? ಬಾಯಿ ತೆಗೆಸಲು ಆಗುವುದೇ ಇಲ್ಲ ಅಲ್ವಾ?

ಬಿಳಿಕೋಟು:
ಒಳಮೈ ಉಜ್ಜುವುದೇ ಬೇಡ, ಅಲ್ಲಿ ಅವಳ ಒರಟು ನಾಲಿಗೆ ಬಹಳಷ್ಟು ಕೆಲಸ ಮಾಡುತ್ತದೆ. ಹೊರಮೈ ಸಾಕು, ಅದರಲ್ಲೂ ಮೇಲಿನ ಸಾಲಿನ ಹಿಂದಿನ ದೊಡ್ಡ ಹಲ್ಲು. ಬ್ರಶ್ಶನ್ನು ಒಸಡು, ಹಲ್ಲು ಸೇರುವ ಗೆರೆಯ ಮೇಲೆ ಸ್ವಲ್ಪ ಓರೆ ಹಿಡಿದು ಸಣ್ಣ ಸುತ್ತು ಸುತ್ತಿಸಿ. ಬಾಯಿ ಮುಚ್ಚಿಕೊಂಡೇ ಇರಲಿ, ಕೆನ್ನೆಯ ಒಳಗಿಂದ ಬ್ರಶ್ ಹೋಗುತ್ತದೆ. ಮೊದಮೊದಲು ಒಂದು ಹನಿ ರಕ್ತ ಬಂದರೆ ನಿಲ್ಲಿಸಬೇಡಿ, ಒಸಡು ಗಟ್ಟಿಯಾದ ಹಾಗೆ ಕಡಿಮೆ ಆಗುತ್ತದೆ. ಜಾಸ್ತಿ ಆಗುತ್ತಾ ಹೋದರೆ, ಅಥವಾ ಕೆಂಪು ಗಂಟಲಿನ ಕಡೆಗೆ ಹರಡಿದರೆ, ಮುಂದಿನ ಭೇಟಿಗೆ ಕಾಯದೆ ಕರೆದುಕೊಂಡು ಹೋಗಿ.