ಪೆರ್ಲದ ಅಕ್ಕನಿಗೆ, ಕುಡಿತ ಬಿಡುವವರ ಸಭೆಯ ಕುರಿತು

ಅಕ್ಕ, ನಿಮ್ಮ ಮಗ ಕುಡಿತ ಬಿಡಲು ಒಪ್ಪಿದ್ದಾನೆ, ಪೆರ್ಲ-ಬದಿಯಡ್ಕದ ಆಸುಪಾಸಿನಲ್ಲಿ ಅಂಥವರು ಸೇರುವ ಗುಂಪು ಯಾವುದಾದರೂ ಇದ್ದರೆ ತಿಳಿಸಿ ಎಂದು ನಿನ್ನೆ ನೀವು ನಮ್ಮ ಕುಟುಂಬದ ಈ ಮೆಸೇಜು ಗುಂಪಿನಲ್ಲಿ ಕೇಳಿದ್ದನ್ನು ಓದಿದೆ. ನಾಲ್ಕು ಸಾಲು ಟೈಪ್ ಮಾಡಿ ಮುಗಿಸುವ ವಿಷಯವಲ್ಲದ ಕಾರಣ ಬಾಯಿಬಿಟ್ಟೇ ಹೇಳುತ್ತಿದ್ದೇನೆ. ನಾನು ಕುಡಿತ ಬಿಟ್ಟು ಎ.ಎ., ಅಂದರೆ ಆಲ್ಕೊಹಾಲಿಕ್ಸ್ ಅನಾನಿಮಸ್ ಎಂಬ ಕುಡಿತ ಬಿಡುವವರ ಕೂಟದ ಸಭೆಗೆ ಹೋಗುತ್ತಿರುವುದು ಕುಟುಂಬದ ಎಲ್ಲರಿಗೂ ಗೊತ್ತಿರುವುದರಿಂದ ಇದರಲ್ಲಿ ಮುಚ್ಚಿಡುವಂಥದ್ದೂ ಇಲ್ಲ.

ಸಭೆಗಿಂತ ಮೊದಲು ಆಸ್ಪತ್ರೆಯ ಮಾತು. ಬೆಳಿಗ್ಗೆಯಿಂದಲೇ ಕುಡಿಯುವ ಅಭ್ಯಾಸವಿರುವವನು ಮನೆಯಲ್ಲಿ ಕುಳಿತು ಒಮ್ಮೆಗೇ ನಿಲ್ಲಿಸುವುದು ಅಪಾಯ. ಕೊನೆಯ ಸಲ ಕುಡಿದ 6ರಿಂದ 24 ಗಂಟೆಗಳ ಒಳಗೆ ಕೈನಡುಕ, ಬೆವರು, ವಾಂತಿ ಶುರುವಾಗಬಹುದು. ಮೊದಲ ಎರಡು ದಿನಗಳಲ್ಲಿ ಫಿಟ್ಸ್ ಬರಬಹುದು. ಎರಡನೆಯ ದಿನದಿಂದ ನಾಲ್ಕನೆಯ ದಿನದೊಳಗೆ ಕೆಲವರಿಗೆ ಇಲ್ಲದ ಜನ, ಇಲ್ಲದ ಹುಳುಗಳು ಕಾಣತೊಡಗಿ, ಹೊತ್ತುಗೊತ್ತಿನ ಅರಿವು ತಪ್ಪಿ, ಜೀವಕ್ಕೇ ಸಂಚಕಾರ ಬರುತ್ತದೆ. ಅದನ್ನು ಏನೋ ಉಪದ್ರವೆಂದು ತಿಳಿದು ಜೋಯಿಸರ ಬಳಿ ಪ್ರಶ್ನೆ ಇಡಿಸಲು ಹೋಗಿ ಹೊತ್ತು ಕಳೆಯಬಾರದು ಅಕ್ಕ, ನೇರವಾಗಿ ಆಸ್ಪತ್ರೆಗೆ ಕರೆದೊಯ್ಯಬೇಕು. ವೈದ್ಯರ ಕಣ್ಣೆದುರಿನಲ್ಲಿ ಮದ್ದು ಮತ್ತು ಥಯಾಮಿನ್ ಎಂಬ ಬಿ1 ವಿಟಮಿನ್ ಪಡೆಯುತ್ತಾ ಬಿಟ್ಟರೆ ಈ ದಿನಗಳನ್ನು ಸುರಕ್ಷಿತವಾಗಿ ದಾಟಬಹುದು. ಕೇರಳ ಅಬಕಾರಿ ಇಲಾಖೆಯ ವಿಮುಕ್ತಿ ಯೋಜನೆಯ ಚಿಕಿತ್ಸಾ ಕೇಂದ್ರ ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ನೀಲೇಶ್ವರದ ತಾಲೂಕು ಆಸ್ಪತ್ರೆಯಲ್ಲಿದೆ. ಅದರ ಉಚಿತ ಸಹಾಯವಾಣಿ 14405. ನಿಮಗೆ ಮಂಗಳೂರು ಅನುಕೂಲವಾದರೆ ಅಲ್ಲಿನ ದೊಡ್ಡ ಆಸ್ಪತ್ರೆಗಳ ಮನೋರೋಗ ವಿಭಾಗದಲ್ಲಿಯೂ ಈ ಚಿಕಿತ್ಸೆ ಸಿಗುತ್ತದೆ.

ಯಾರಾದರೂ ಊಟದಲ್ಲಿ ಗುಟ್ಟಾಗಿ ಬೆರೆಸಿ ಕೊಡಿ ಎಂದು ಪುಡಿಯನ್ನೋ ಮಾತ್ರೆಯನ್ನೋ ತಂದುಕೊಟ್ಟರೆ ದಯವಿಟ್ಟು ಮುಟ್ಟಬೇಡಿ. ಅದರಲ್ಲಿ ಡೈಸಲ್ಫಿರಾಮ್ ಎಂಬ ಮದ್ದು ಇರಬಹುದು; ಅದು ದೇಹದಲ್ಲಿರುವಾಗ ಕುಡಿದರೆ ಮುಖ ಕೆಂಪೇರಿ, ಎದೆ ಬಡಿದುಕೊಂಡು, ರಕ್ತದೊತ್ತಡ ಕುಸಿಯುತ್ತದೆ. ಕುಡಿಯುವವನಿಗೆ ತಿಳಿಸಿ, ಅವನ ಒಪ್ಪಿಗೆ ಪಡೆದು, ವೈದ್ಯರೇ ಕೊಡಬೇಕಾದ ಮದ್ದು ಅದು.

ಇನ್ನು ನೀವು ಕೇಳಿದ ಗುಂಪಿನ ವಿಷಯ. ಎ.ಎ. ಎಂಬುದು 1935ರಲ್ಲಿ ಅಮೆರಿಕದ ಅಕ್ರನ್ ಎಂಬ ಊರಿನಲ್ಲಿ, ಕುಡಿತದಿಂದ ನಲುಗಿದ್ದ ಒಬ್ಬ ಷೇರು ವ್ಯವಹಾರದವರೂ ಒಬ್ಬ ವೈದ್ಯರೂ ಎದುರುಬದುರು ಕುಳಿತು ಮಾತನಾಡಿದ್ದರಿಂದ ಹುಟ್ಟಿತು. ಇಂದಿಗೂ ಸಭೆಯೆಂದರೆ ಅಷ್ಟೇ, ಕುಡಿದವನು ಕುಡಿದವನೊಡನೆ ಆಡುವ ಮಾತು. ಶುಲ್ಕವಿಲ್ಲ, ಹಾಜರಿ ಪುಸ್ತಕವಿಲ್ಲ, ಊರು ಮನೆತನ ಕೇಳುವವರಿಲ್ಲ. ಕುಡಿತ ಬಿಡಬೇಕೆಂಬ ಆಸೆಯೊಂದೇ ಸದಸ್ಯತ್ವ. ಕೆಲವು ಸಭೆಗಳು ಇಗರ್ಜಿಯ ಕೋಣೆಯಲ್ಲೋ ಶಾಲೆಯಲ್ಲೋ ನಡೆಯುವುದನ್ನು ಕಂಡು ನಮ್ಮ ಕೆಲವು ಹಿರಿಯರು ಅನುಮಾನಪಡುತ್ತಾರೆ, ಆದರೆ ಎ.ಎ. ಯಾವ ಮತಕ್ಕೂ ಸೇರಿದ್ದಲ್ಲ. ಮೊದಲ ದಿನ ಅವನು ಏನೂ ಹೇಳದೆ ಸುಮ್ಮನೆ ಕೇಳಿಸಿಕೊಂಡು ಬಂದರೂ ಸಾಕು.

ಆದರೆ ಹತ್ತಿರದ ಸಭೆಯೇ ನಮಗೆ ತಕ್ಕ ಸಭೆಯೆಂದು ನಾನು ಹೇಳಲಾರೆ. ನಮ್ಮ ಜಿಲ್ಲೆಯ ದಕ್ಷಿಣಕ್ಕೆ ಹೋದಂತೆ ಸಭೆಗಳಲ್ಲಿ ಮಲಯಾಳವೇ ನಡೆಯುತ್ತದೆ. ನಿಮ್ಮ ಮಗನಿಗೆ ಮಲಯಾಳ ಚೆನ್ನಾಗಿಯೇ ಬರುತ್ತದೆ, ಪೇಟೆಯ ವ್ಯವಹಾರವನ್ನೆಲ್ಲ ಅದರಲ್ಲೇ ಮುಗಿಸುತ್ತಾನೆ; ಆದರೆ ಹೆಂಡತಿಯ ಬಳೆ ಅಡವಿಟ್ಟು ಕುಡಿದೆ ಎಂಬಂಥ ಮಾತನ್ನು ಹತ್ತು ಜನರ ಎದುರು ಹೇಳಬೇಕಾದಾಗ ಮನುಷ್ಯನಿಗೆ ಅಮ್ಮನೊಡನೆ ಆಡಿದ ಭಾಷೆಯೇ ಬೇಕಾಗುತ್ತದೆ. ಹಾಗಾಗಿ ರೈಲಿನಲ್ಲಿ ಮಂಗಳೂರಿಗೆ ಹೋಗಿ, ಕನ್ನಡ ತುಳು ಎರಡೂ ಕಿವಿಗೆ ಬೀಳುವ ಸಭೆಯಲ್ಲಿ ಅವನು ಕುಳಿತುಕೊಳ್ಳಲಿ ಎಂಬುದು ನನ್ನ ಆಸೆ. ದೂರದಲ್ಲಿ ಇನ್ನೊಂದು ಅನುಕೂಲವೂ ಇದೆ, ಅಲ್ಲಿ ಅಡಿಕೆ ಮಂಡಿಯ ಪರಿಚಯದವರು ಎದುರಾಗುವುದು ಕಡಿಮೆ.

ಅಷ್ಟು ದೂರ ಆಗದೆಂದಾದರೆ ಧರ್ಮಸ್ಥಳದ ಜನಜಾಗೃತಿ ವೇದಿಕೆಯವರ ಮದ್ಯವರ್ಜನ ಶಿಬಿರಗಳನ್ನು ವಿಚಾರಿಸಿ. ಧರ್ಮಸ್ಥಳದ ಗ್ರಾಮಾಭಿವೃದ್ಧಿ ಯೋಜನೆ ನಮ್ಮ ಜಿಲ್ಲೆಯಲ್ಲಿಯೂ ಇರುವುದರಿಂದ ನಿಮ್ಮ ಸ್ವಸಹಾಯ ಸಂಘದ ಸೇವಾಪ್ರತಿನಿಧಿಯನ್ನು ಕೇಳಿದರೆ ಮುಂದಿನ ಶಿಬಿರ ಎಲ್ಲಿ ಎಂಬುದು ತಿಳಿಯುತ್ತದೆ. ಶಿಬಿರಕ್ಕಿಂತಲೂ ನಾನು ಬೆಲೆ ಕೊಡುವುದು ಅನಂತರ ಶಿಬಿರ ಮುಗಿಸಿದವರು ಸೇರುವ ನವಜೀವನ ಸಮಿತಿಗೆ. ಶಿಬಿರದ ಹಾರ ತುರಾಯಿ ಮುಗಿದು ಮನೆಗೆ ಬಂದ ಮೇಲೆ, ಮದುವೆಯ ಹಿಂದಿನ ರಾತ್ರಿ, ಕೋಲದ ರಾತ್ರಿ, ಅಡಿಕೆ ಮಾರಿದ ದುಡ್ಡು ಕೈಗೆ ಬಂದ ಸಂಜೆ, ಆ ಹೊತ್ತಿನಲ್ಲಿ ಫೋನು ಮಾಡಲು ಒಬ್ಬ ಮನುಷ್ಯ ಬೇಕು. ಎ.ಎ.ಯಲ್ಲಿ ಸ್ಪಾನ್ಸರ್ ಎಂದು ಕರೆಯುವುದು ಅಂಥ ಹಿರಿಯ ಸದಸ್ಯನನ್ನೇ. ನಡುವೆ ಒಮ್ಮೆ ಮತ್ತೆ ಕುಡಿದರೆ ಎಲ್ಲವೂ ಮುಗಿಯಿತೆಂದು ಮನೆಯವರು ಕೈಚೆಲ್ಲಬಾರದು. ಮರುದಿನವೇ ಸಭೆಗೆ ಕರೆದೊಯ್ಯಬೇಕು.

ನಿಮ್ಮ ವಿಷಯವನ್ನೂ ಹೇಳಬೇಕು ಅಕ್ಕ. ಕುಡಿಯುವವರ ಮನೆಯವರಿಗಾಗಿಯೇ ಅಲ್-ಅನಾನ್ ಎಂಬ ಪ್ರತ್ಯೇಕ ಸಭೆಗಳಿವೆ, ನೀವೂ ಸೊಸೆಯೂ ಅಲ್ಲಿಗೆ ಹೋಗಬಹುದು. ರಾತ್ರಿ ಹೊತ್ತು ಮನಸ್ಸು ತಡೆಯಲಾರದಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿಯಾದ ಟೆಲಿಮಾನಸ್‌ಗೆ, 14416ಕ್ಕೆ, ಕರೆ ಮಾಡಿ, ಕನ್ನಡದಲ್ಲಿಯೂ ಮಾತನಾಡಬಹುದು.

ಅವನ ನಂಬರನ್ನು ಈ ಗುಂಪಿನಲ್ಲಿ ಹಾಕಬೇಡಿ, ನನಗೊಬ್ಬನಿಗೇ ಕಳುಹಿಸಿ. ಉಳಿದವರೂ ದಯವಿಟ್ಟು ಅವನಿಗೆ ಉಪದೇಶದ ಮೆಸೇಜು ಮಾಡಬೇಡಿ. ಡಾಕ್ಟರನ್ನು ಕಂಡು ಬಂದ ಮೇಲೆ ಯಾವ ದಿನ ಹೋಗಬಹುದೆಂದು ಅವನೇ ಹೇಳಲಿ, ಮೊದಲ ಸಭೆಗೆ ಕುಂಬಳೆ ಸ್ಟೇಷನ್ನಿನಿಂದ ನಾನೂ ಜೊತೆಗೆ ಬರುತ್ತೇನೆ.